ಅಪ್‌ಡೇಟ್: ಕೊನೆಗೂ ಐಎಕ್ಸ್ ಬುಕ್ ಮಾಡಿದೆ

ಎಲೆಕ್ಟ್ರಿಕ್ ಕಾರು (ಇವಿ) ಕೊಳ್ಳಲು ಬಿಎಂಡಬ್ಲ್ಯು ಐಎಕ್ಸ್ ಎಕ್ಸ್‌ಡ್ರೈವ್50 ಒಳ್ಳೆಯದಾ, ಮರ್ಸಿಡಿಸ್ ಇಕ್ಯುಇ 500 ಎಸ್‌ಯುವಿ ಒಳ್ಳೆಯದಾ ಎಂದು ಕೇಳಿದ್ದೆ. ಐಎಕ್ಸ್ ಬುಕ್ ಮಾಡಿದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ರೇಂಜ್, ಅಂದರೆ ಒಮ್ಮೆ ಫುಲ್ ಚಾರ್ಜ್ ಮಾಡಿದರೆ ಓಡುವ ದೂರ, ನೋಡಿಯೇ ತೀರ್ಮಾನ ಮಾಡಿದ್ದು. ಡಬ್ಲ್ಯುಎಲ್‌ಟಿಪಿ (ರೇಂಜ್ ಅಳೆಯುವ ಅಂತಾರಾಷ್ಟ್ರೀಯ ಪರೀಕ್ಷೆ) ಲೆಕ್ಕದಲ್ಲಿ ಐಎಕ್ಸ್ 635 ಕಿ.ಮೀ., ಇಕ್ಯುಇ 550. ಬೆಂಗಳೂರಿನಿಂದ ನಮ್ಮೂರು ಮಂಗಳೂರಿಗೆ ಸುಮಾರು 350 ಕಿ.ಮೀ. ಹೋಗುವಾಗ ಶಿರಾಡಿ ಇಳಿಜಾರಿನಲ್ಲಿ ಬ್ಯಾಟರಿಗೆ ಸ್ವಲ್ಪ ಚಾರ್ಜ್ ವಾಪಸ್ ಬರುತ್ತದೆ. ವಾಪಸ್ ಬರುವಾಗ ಅದೇ ಘಾಟಿ ಹತ್ತಬೇಕಲ್ವಾ? ಎಸಿಯೂ ಓಡುತ್ತಿರುತ್ತದೆ. ಜಾಸ್ತಿ ರೇಂಜ್ ಬೇಕಾಗುವುದು ಅಲ್ಲೇ.

ಇಕ್ಯುಇ ಬ್ಯಾಟರಿಗೆ 10 ವರ್ಷ ವಾರಂಟಿ, ಐಎಕ್ಸ್‌ಗೆ 8. ಇದೊಂದು ಮಾತ್ರ ತುಂಬ ಯೋಚನೆಗೆ ಹಚ್ಚಿತು.

ಎರಡೂ ವಿದೇಶದಲ್ಲೇ ಪೂರ್ತಿ ತಯಾರಾಗಿ ಬರುವ ಗಾಡಿಗಳು, ಆಮದು ಸುಂಕ ತಪ್ಪಿದ್ದಲ್ಲ. ಜಿಎಸ್‌ಟಿ 5% ಎಂದು ಖುಷಿಪಡುವವರು ಒಂದು ಗಮನಿಸಿ: 25 ಲಕ್ಷ ದಾಟಿದ ಇವಿಗಳಿಗೆ ಕರ್ನಾಟಕ 2024ರಲ್ಲಿ 10% ರಸ್ತೆ ತೆರಿಗೆ ಹಾಕಿದೆ.