ಕೀಲಿ, ಚಾವಿ ಮತ್ತು ಒದರುವ ಗಾಡಿ

ಬಳಗದವರಿಗೆ ನಮಸ್ಕಾರ. ಗಾಡಿಯ ಕಳ್ಳತನ ತಡೆಯುವ ಸಾಧನಗಳಿಗೆ ಬಳಸುವ ಕನ್ನಡ ಪದಗಳ ಬಗ್ಗೆ ವಿಜಯಪುರದಿಂದ ಒಂದು ತಕರಾರು ತಂದಿದ್ದೇನೆ.

ಮೊನ್ನೆ ನಮ್ಮ ಕಾಕಾನ ಕಾರಿನ ರಿಮೋಟಿನ ಸೆಲ್ ಮುಗಿದಿತ್ತು. ಚಾವಿ ಹಾಕಿ ಕೈಯಿಂದಲೇ ಬಾಗಿಲು ತೆಗೆದರು. ತೆಗೆದದ್ದೇ ತಡ, ಗೋಳಗುಮ್ಮಟದ ಮುಂದೆ ಗಾಡಿ ಒದರತೊಡಗಿತು. ಪಿಸುಮಾತು ಕೇಳಲು ಬಂದ ಜನ ನಮ್ಮ ಸೈರನ್ ಕೇಳುತ್ತ ನಿಂತರು. ಗಾಡಿಯ ಜೊತೆ ಬಂದ ಕನ್ನಡ ಪುಸ್ತಿಕೆ ತೆಗೆದು ಓದಿದೆ: "ಕಳ್ಳತನ ನಿರೋಧಕ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಲು ಕೀಲಿಯನ್ನು ತಿರುಗಿಸಿ." ಕಾಕಾ ಸಿಟ್ಟಾದರು. "ಕೀಲಿ ತಿರುವಿದ್ದಕ್ಕ ಇದು ಒದರಾಕತ್ತದ ನೋಡು!"

ಕೊನೆಗೆ ಸ್ಟೇರಿಂಗ್ ಪಕ್ಕ ಚಾವಿ ತೂರಿಸಿ ಆನ್ ಮಾಡಿದ ಮೇಲೆ ಸುಮ್ಮನಾಯಿತು.

ತಪ್ಪು ಕಾಕಾನದಲ್ಲ. ನಮ್ಮ ಕಡೆ ಬಾಗಿಲಿಗೆ ಹಾಕುವುದು ಕೀಲಿ. ಅದನ್ನು ತೆಗೆಯುವುದು ಕೀಲಿಕೈ, ಇಲ್ಲವೇ ಚಾವಿ. ಬೆಂಗಳೂರು, ಮೈಸೂರು ಕಡೆ ಹಾಕುವುದು ಬೀಗ, ತೆಗೆಯುವುದು ಕೀಲಿ. (ಇಲ್ಲಿ ಬೀಗ ಅಂದರೆ ಮೊದಲು ನೆನಪಾಗುವುದು ಮಗಳ ಮಾವ.) ಪುಸ್ತಿಕೆ ಬರೆದವರು ಆ ಕಡೆಯವರಿರಬೇಕು: ಅವರ 'ಕೀಲಿ' ಸ್ಟೇರಿಂಗ್ ಪಕ್ಕ ತಿರುಗಿಸುವ ಚಾವಿ, ಕಾಕಾ ತಿಳಿದದ್ದು ಬಾಗಿಲಿನ ಕೀಲಿ. ಚಾವಿ ಪೋರ್ಚುಗೀಸರ ಮಾತಿನಿಂದ ಬಂದದ್ದು, ನಿಜ. ಆದರೂ ಅದರಲ್ಲಿ ಗೊಂದಲವಿಲ್ಲ, ಅಲ್ವಾ? ನನ್ನ ಮತ ಅದಕ್ಕೇ.

ಇನ್ನು 'ನಿಷ್ಕ್ರಿಯಗೊಳಿಸು'. ಕೆಡಿಸು ಅಂತಲೂ ಕೇಳಿಸುವ ಈ ಪದ ಬೇರೆ ಬೇರೆ ಕೆಲಸಗಳನ್ನು ಒಂದೇ ಚೀಲಕ್ಕೆ ತುಂಬುತ್ತದೆ. ಸೈರನ್ ಒದರುತ್ತಿದ್ದರೆ 'ಬಂದ್ ಮಾಡು' ಸಾಕು. ಆದರೆ ಒದರದೆ ಎಚ್ಚರವಾಗಿರುವ ಗಾಡಿಯನ್ನು ರಿಮೋಟ್ ಒತ್ತಿ ಬಿಡಿಸುತ್ತೇವಲ್ಲ, ಅದಕ್ಕೇನು? ಗಾಡಿ ಬಂದ್ ಮಾಡು ಅಂದರೆ ಇಲ್ಲಿ ಇಂಜಿನ್ ಆರಿಸುತ್ತಾರೆ. ದ್ರಾಕ್ಷಿ ತೋಟಕ್ಕೆ ಆಳನ್ನು ಕಾವಲಿಗೆ ಕೂಡಿಸುತ್ತೇವೆ. ಡ್ಯಾಶ್‌ಬೋರ್ಡಿನಲ್ಲಿ ಮಿಣುಕುವ ಕೆಂಪು ದೀಪ ನೋಡಿದರೆ ಗಾಡಿಯೂ ಕಾವಲಿಗೆ ಕೂತ ಹಾಗೇ ಕಾಣುತ್ತದೆ. ಹಾಗಾದರೆ ಬಿಡಿಸುವುದಕ್ಕೆ 'ಕಾವಲಿನಿಂದ ಎಬ್ಬಿಸು' ಅನ್ನಬಹುದೇ? ಎಬ್ಬಿಸು ಅಂದರೆ ಎಚ್ಚರಿಸು ಅಂತ ತಿಳಿದರೆ ಕೆಲಸ ಉಲ್ಟಾ ಆಗುತ್ತದೆ. 'ಕಾವಲು ಬಿಡಿಸು' ವಾಸಿಯೇನೋ.

ಬೇರೆ ಚಾವಿ ಹಾಕಿದರೆ ಇಂಜಿನ್ ಓಡದಂತೆ ತಡೆಯುವ ಸಾಧನ, ಇಮ್ಮೊಬಿಲೈಸರ್‌ದು ಬೇರೆ ಕತೆ. ಅದನ್ನು ನಾವು ಆರಿಸುವುದೇ ಇಲ್ಲ. ಚಾವಿಯ ತಲೆಯಲ್ಲಿ ಒಂದು ಚಿಪ್ ಇರುತ್ತದೆ. ಅದಕ್ಕೆ ಸೆಲ್ ಬೇಡ. ಚಾವಿ ತೂರಿಸುವ ಜಾಗದ ಸುತ್ತ ಇರುವ ತಂತಿ ಸುರುಳಿಯೇ ಅದಕ್ಕೆ ಕರೆಂಟು ಕೊಟ್ಟು ಗುರುತು ಕೇಳುತ್ತದೆ. ಗುರುತು ಕೂಡದಿದ್ದರೆ ಇಂಜಿನ್ ಓಡುವುದಿಲ್ಲ. ನಾವು ಆರಿಸುವ ಕೆಲಸವೇ ಇಲ್ಲವಾದ್ದರಿಂದ ಇಲ್ಲಿ ಬೇಕಾದದ್ದು ಕ್ರಿಯಾಪದವಲ್ಲ, ಹೆಸರು. ಬಂಡಿಯ ಕಡೆಗೀಲು ನೆನಪಾಯಿತು. ಆದರೆ ಅದು ಗಾಲಿ ಕಳಚದಂತೆ ಹಿಡಿದು ಬಂಡಿ ಓಡಲು ಬಿಡುವುದು, ಇದು ತಡೆಯುವುದು. ನಮ್ಮ ಗ್ಯಾರೇಜಿನ ಹುಡುಗ ಸುಮ್ನೆ "ಗಾಡಿ ಚಾವಿ ಗುರ್ತ ಹಿಡೀವಲ್ದು" ಅನ್ನುತ್ತಾನೆ. ಅದನ್ನೇ ಹಿಡಿದು 'ಗುರುತುಗೀಲಿ' ಅನ್ನೋಣ ಎಂದರೆ, ಬೆಂಗಳೂರಿನವರು ಅದನ್ನು ಜೇಬಿನಲ್ಲಿ ಹುಡುಕುತ್ತಾರೆ. ನಿಮ್ಮ ಕಡೆ ಏನನ್ನುತ್ತೀರಿ?