ಸೈಬರ್ ಸೆಂಟರಿನಲ್ಲಿ ಇನ್‌ಸ್ಟಾಲ್ ಮಾಡದೆ ಕನ್ನಡ ಟೈಪಿಂಗ್: ಸಹಾಯ ಬೇಕು

ಅಜ್ಜಿಯ ಸೋಬಾನೆ ಪದಗಳನ್ನು ಸೈಬರ್ ಸೆಂಟರಿನಲ್ಲಿ ಕೂತು ಟೈಪ್ ಮಾಡುತ್ತಿದ್ದೇನೆ. ಕನ್ನಡ ಟೈಪಿಂಗ್ ತಂತ್ರಾಂಶ ನುಡಿ ಹಾಕಲು ಹೋದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಸೆಟ್ಟಿಂಗ್ಸ್ ತೆರೆಯುವುದಿಲ್ಲ, ಹಾಗಾಗಿ ವಿಂಡೋಸಿನಲ್ಲೇ ಇರುವ ಕನ್ನಡ ಕೀಬೋರ್ಡ್ ಸೇರಿಸೋಕೂ ಆಗಲ್ಲ, ಉಳಿಸಿದ ಫೈಲೂ ರೀಸ್ಟಾರ್ಟ್ ಆದರೆ ಮಾಯ. ಹತ್ತಾರು ಜನ ಬಂದು ಹೋಗುವ ಜಾಗ, ಬೀಗ ಹಾಕಿರುವುದು ಸರಿಯೇ. ಪಾಸ್‌ವರ್ಡ್ ಮುರಿಯುವ ಉಪಾಯ ಬೇಡ.

ಸದ್ಯಕ್ಕೆ ಗೂಗಲ್ ಇನ್‌ಪುಟ್ ಟೂಲ್ಸ್ ಪುಟದಲ್ಲಿ ಬರೆದು ಡಾಕ್ಸ್‌ಗೆ ಅಂಟಿಸುತ್ತಿದ್ದೇನೆ. ಅದು ಇಂಗ್ಲಿಷ್ ಅಕ್ಷರ ನೋಡಿ ಪದ ಊಹಿಸುತ್ತದೆ. 'ಸೋ ಎನ್ನಿರೆ' ಅಂತ ಬರೆದರೆ 'ಎನ್ನಿರಿ' ಆಗುತ್ತದೆ, ಹಾಡಿನ ಲಯವೇ ಹೋಯಿತು ಅಲ್ವಾ? ಕನ್ನಡ ವಿಕಿಪೀಡಿಯಾದಲ್ಲಿ ಕೆಜಿಪಿ ಲೇಔಟ್ (ನುಡಿಯಲ್ಲಿರುವ ಕೀಲಿ ವಿನ್ಯಾಸ) ಇದೆ, ಆದರೆ ಹಾಡು ಬರೆದಿಡುವ ಜಾಗ ಅದಲ್ಲ.

ಅದೇ ಲೇಔಟಿನಲ್ಲಿ, ಬ್ರೌಸರಿನೊಳಗೇ ಯೂನಿಕೋಡ್ ಟೈಪ್ ಮಾಡುವ ಪುಟ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಮಾಲೀಕರು ಒಳ್ಳೆಯವರು, ಒಂದೇ ಸಲ ಏನಾದರೂ ಹಾಕಿಸಿಕೊಳ್ಳಬಹುದು ಅಂದರೆ ಏನು ಕೇಳಲಿ?