‘ಅಡಾಪ್ಟೇಶನ್’: ಹೊಂದಾಣಿಕೆಯೋ, ಅನುಕೂಲನವೋ, ಒಗ್ಗಿಕೆಯೋ?

ಪ್ರಶ್ನೆ:
ಮಾನ್ಯರೇ, ಜಲವಿಜ್ಞಾನಿಗಳೂ ಸಮಾಜಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಕೂಡಿ ನಡೆಸುವ ಸಂಶೋಧನಾ ವಿಭಾಗವೊಂದರ ನಾಮಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಕ್ಷರ ಕೊರೆಯುವವರಿಗೆ ಪಠ್ಯ ಕೊಡಬೇಕು. ‘ಹವಾಮಾನ ಬದಲಾವಣೆಯೊಂದಿಗೆ ಹೊಂದಾಣಿಕೆ’ ಎಂದು ಬರೆದಿದ್ದೆ. ಅದನ್ನು ಓದಿದ ಸಹೋದ್ಯೋಗಿಯೊಬ್ಬರು, ಚುನಾವಣೆಗೆ ಮುಂಚೆ ಸೀಟು ಹಂಚಿಕೊಂಡಂತೆ ಕೇಳುತ್ತದೆ ಎಂದು ನಕ್ಕರು. ಬೇರೆ ಪದವಿದ್ದರೆ ತಿಳಿಸಿ. ‘ಇಂಟರ್‌ಡಿಸಿಪ್ಲಿನರಿ’ಗೆ ‘ಅಂತರ್‌ಶಿಸ್ತೀಯ’ ಸರಿಯೇ?

ಉತ್ತರ:
ಸರಿಯಲ್ಲ. ‘ಅಂತರ್’ ಎಂದರೆ ಒಳಗೆ. ಅಂತರ್ಜಲವು ನೆಲದೊಳಗಿನ ನೀರೇ ಹೊರತು ಎರಡು ನೀರುಗಳ ನಡುವಿನದಲ್ಲ. ಆದ್ದರಿಂದ ‘ಅಂತರ್‌ಶಿಸ್ತೀಯ’ ಎಂದರೆ ಒಂದೇ ಶಿಸ್ತಿನೊಳಗಿನದು ಎಂದಾಗಿ, ತಾವು ಹೇಳಬೇಕಾದುದಕ್ಕೆ ನೇರ ವಿರುದ್ಧವಾಗುತ್ತದೆ. ‘ಅಂತರಶಿಸ್ತೀಯ’ ಎಂದು ಬರೆಯಿರಿ. (‘ಅಂತಾರಾಷ್ಟ್ರೀಯ’ವನ್ನು ಯಾರೂ ಇಲ್ಲಿಗೆ ಎಳೆದು ತರಬಾರದಾಗಿ ವಿನಂತಿ.) ‘ಅಡಾಪ್ಟೇಶನ್’ಗೆ ‘ಅನುಕೂಲನ’ವೇ ತಕ್ಕದ್ದು. ‘ಕೂಲ’ ಎಂದರೆ ದಡ, ‘ಅನುಕೂಲ’ ಎಂದರೆ ದಡವನ್ನು ಅನುಸರಿಸಿದ್ದು. ನೀರಿನ ವಿಭಾಗಕ್ಕೆ ಇದಕ್ಕಿಂತ ಒಪ್ಪುವ ಪದ ಸಿಗಲಾರದು.

ಮರುತ್ತರ:
ದಡವನ್ನು ನಿಘಂಟಿನಲ್ಲಿಯೇ ಬಿಡೋಣ. ಕನ್ನಡಿಗರಿಗೆ ‘ಅನುಕೂಲ’ ಎಂದರೆ ಸೌಕರ್ಯ, ಅಷ್ಟೇ. ಇನ್ನು ‘ಶಿಸ್ತು’ ಸಂಸ್ಕೃತದ್ದಲ್ಲ; ಅದರ ಮುಂದೆ ‘ಅಂತರ’, ಹಿಂದೆ ‘ಈಯ’ ಹಚ್ಚಿ ಅರಿಸಮಾಸ ಮಾಡಿದವರು ಶುದ್ಧಿಯ ಪಾಠ ಹೇಳುವುದು ಸೋಜಿಗ. ‘ಹೊಸ ಊರಿನ ನೀರು ಮೈಗೆ ಒಗ್ಗಲಿಲ್ಲ’ ಎನ್ನದವರು ಯಾರಿದ್ದಾರೆ? ನಂಬು, ನಂಬಿಕೆ, ಅಂಜು, ಅಂಜಿಕೆ, ಹಾಗೆಯೇ ಒಗ್ಗು, ಒಗ್ಗಿಕೆ. ಚರ್ಚೆ ಇಲ್ಲಿಗೆ ಮುಗಿಯಬೇಕು.

ಇನ್ನೊಂದು ಉತ್ತರ:
ಮುಗಿಯುವುದಿಲ್ಲ. ನೀರು ಮೈಗೆ ಒಗ್ಗುವುದು ಕುಡಿದ ಮೇಲೆ, ಅದೂ ನಾವು ಏನನ್ನೂ ಮಾಡದೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯಾದ ಐಪಿಸಿಸಿಯ ವ್ಯಾಖ್ಯೆಯಂತೆ ಮನುಷ್ಯರ ಮಟ್ಟಿಗೆ ‘ಅಡಾಪ್ಟೇಶನ್’ ಎಂದರೆ ಈಗಾಗಲೇ ಬಂದಿರುವ ಬದಲಾವಣೆಗೆ ಮಾತ್ರವಲ್ಲದೆ, ಮುಂದೆ ಬರಲಿರುವುದಕ್ಕೂ, ಹಾನಿ ತಗ್ಗುವಂತೆ ಹೊಂದಿಸಿಕೊಳ್ಳುವುದು. ಮುಂಗಾಣುವ ಆ ಅಂಶ ‘ಒಗ್ಗಿಕೆ’ಯಲ್ಲಿಲ್ಲ. ‘ಅನುಕೂಲನ’ದ ತೊಡಕು ಬೇರೆ. ಹೊಳೆಗೆ ಒಡ್ಡು ಕಟ್ಟಿದ ಮೇಲೆ ಭಯ ಕಳೆದು, ಜನ ನೆರೆಬಯಲಿನಲ್ಲಿಯೇ ಮನೆ ಕಟ್ಟುತ್ತಾರೆ. ಮುಂದೊಂದು ದಿನ ನೀರು ಒಡ್ಡನ್ನು ಮೀರಿದಾಗ ನಷ್ಟ ಮೊದಲಿಗಿಂತ ಹೆಚ್ಚಾಗಿರುತ್ತದೆ. ಇಂಥ ಎಡವಟ್ಟಿಗೆ ‘ಮಾಲ್‌ಅಡಾಪ್ಟೇಶನ್’ ಎನ್ನುತ್ತಾರೆ. ಅದನ್ನು ‘ಪ್ರತಿಕೂಲನ’ ಎನ್ನಲಾದೀತೇ? ‘ತಪ್ಪು ಹೊಂದಿಕೆ’ ಎಂದರೆ ಯಾರಿಗೂ ತಿಳಿಯುತ್ತದೆ. ಒಡ್ಡಿನ ಈ ವಿಪರ್ಯಾಸವನ್ನು ಎತ್ತಿ ತೋರಿಸಿದ ಭೂಗೋಳಜ್ಞ ಗಿಲ್ಬರ್ಟ್ ವೈಟ್ ಕೂಡ 1945ರ ತಮ್ಮ ಪ್ರಬಂಧದ ಹೆಸರಿನಲ್ಲಿ ಬಳಸಿದ್ದು ‘ಅಡ್ಜಸ್ಟ್‌ಮೆಂಟ್’ ಎಂಬ ಸಾದಾ ಪದವನ್ನೇ.

ಪ್ರಶ್ನೆ ಕೇಳಿದವರನ್ನು ಕಾಡುತ್ತಿರುವ ದೋಷ ಪದದ್ದಲ್ಲ, ವಿಭಕ್ತಿಯದು. ‘ಬದಲಾವಣೆಯೊಂದಿಗೆ’ ಎಂದೊಡನೆ ಎದುರಿಗೆ ಇನ್ನೊಂದು ಪಕ್ಷ ಬಂದು ಕೂರುತ್ತದೆ. ‘ಬದಲಾವಣೆಗೆ ಹೊಂದಿಕೆ’ ಎಂದರೆ ಆ ಪಕ್ಷ ಎದ್ದು ಹೋಗುತ್ತದೆ.

ಮತ್ತೊಂದು ಉತ್ತರ:
ಎಲ್ಲರೂ ‘ಹವಾಮಾನ’ವನ್ನು ಹೇಗೆ ನುಂಗಿಕೊಂಡಿರೋ ತಿಳಿಯದು. ಹವಾಮಾನ ಇಂದಿನದು, ನಾಳೆಯದು. ಸಾಮಾನ್ಯವಾಗಿ 30 ವರ್ಷಗಳ ಸರಾಸರಿಯಿಂದ ಅಳೆಯುವುದು ವಾಯುಗುಣ. ಶಾಲೆಯ ಭೂಗೋಳ ಪುಸ್ತಕವೇ ಈ ಭೇದವನ್ನು ಹೇಳುತ್ತದೆ. ಅರಬ್ಬಿಯ ‘ಹವಾ’ಕ್ಕೆ ಸಂಸ್ಕೃತದ ‘ಮಾನ’ ಅಂಟಿಸಿದ್ದನ್ನು ಮಾತ್ರ ನಮ್ಮ ಅರಿಸಮಾಸದ ವೈರಿಗಳು ಬಿಟ್ಟುಬಿಟ್ಟರೇಕೆ?

ಮರುತ್ತರ:
ಜನರ ಬಾಯಲ್ಲಿ ಸವೆದದ್ದು ಕನ್ನಡವೇ. ಕಚೇರಿಯಲ್ಲಿ ಕೂತು ಹೊಸೆದದ್ದಕ್ಕೆ ನನ್ನ ತಕರಾರು.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಕೃತಜ್ಞತೆಗಳು. ‘ನೀರು, ಸಮಾಜ ಮತ್ತು ಹವಾಮಾನ ಬದಲಾವಣೆಗೆ ಹೊಂದಿಕೆ: ಅಂತರಶಿಸ್ತೀಯ ಸಂಶೋಧನಾ ವಿಭಾಗ’ ಎಂದು ಕಳುಹಿಸಿದ್ದೇನೆ. ‘ವಾಯುಗುಣ’ದ ವಾದ ಸರಿಯೆಂದೇ ಒಪ್ಪುತ್ತೇನೆ, ಆದರೆ ವಿಭಾಗದ ಮೊಹರಿನಲ್ಲಿ ‘ಹವಾಮಾನ’ ಈಗಾಗಲೇ ಅಚ್ಚಾಗಿಬಿಟ್ಟಿದೆ.